ತೆರಪಿನ ಅಳತೆ: ಲೇಸರ್ ಮಾಪನದ ಒಂದು ವಿಮರ್ಶೆ

ರಸ್ತೆಯ ಮೈಗೂ ಅದರ ಮೇಲೆ ಅಡ್ಡಹಾಯುವ ಸೇತುವೆಯ ತಳಕ್ಕೂ ನಡುವಣ ತೆರಪನ್ನು ಹಿಂದೆ ಅಳತೆಗೋಲು ಹಿಡಿದು ನಿರ್ಣಯಿಸುತ್ತಿದ್ದರು. ಇಂದು ಲೇಸರ್ ಯಂತ್ರವನ್ನು ಹೊತ್ತ ವಾಹನವು ಸಂಚಾರವನ್ನು ತಡೆಯದೆ, ಸೆಕೆಂಡಿಗೆ ಲಕ್ಷಾಂತರ ಬಿಂದುಗಳನ್ನು ಗುರುತಿಸಿ ಆ ಕಾರ್ಯವನ್ನು ಪೂರೈಸಬಲ್ಲುದು. ಅದು ಕೊಡುವ ಅಂಕೆಯನ್ನು ಯಾವ ಅರ್ಥದಲ್ಲಿ ನಂಬಬೇಕೆಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳ ಸನ್ನಿವೇಶದಲ್ಲಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಸೇತುವೆಯ ಅಡಿಯಲ್ಲಿ ಉಪಗ್ರಹದ ಸಂಕೇತ ತಪ್ಪುವುದರಿಂದ ಅಳತೆ ಕೆಡುವುದೆಂಬ ಆಕ್ಷೇಪವುಂಟು. ಅದು ಬಲವಾದುದಲ್ಲ. ವಾಹನದ ಸ್ಥಾನನಿರ್ಣಯದಲ್ಲಿ ದೋಷವಿದ್ದರೂ ರಸ್ತೆ ಮತ್ತು ತಳಗಳೆರಡನ್ನೂ ಏಕಕಾಲದಲ್ಲಿ ಅಳೆಯುವುದರಿಂದ ಅವುಗಳ ಅಂತರದಲ್ಲಿ ಆ ದೋಷ ಬಹುಮಟ್ಟಿಗೆ ಕಳೆದುಹೋಗುತ್ತದೆ. ನಿಜವಾದ ತೊಡಕು ಬೇರೆ ಕಡೆ ಇದೆ.

ಯಾದಗಿರಿಯ ಮೂಲಕ ರಾಯಚೂರಿಗೆ ಹೋಗುವ ರೈಲುದಾರಿ 1871ರಷ್ಟು ಹಳೆಯದು. ಇಂಥ ಹಳಿಗಳ ಅಡಿಯಲ್ಲಿ ನುಸುಳುವ ರಸ್ತೆ ಸಾಮಾನ್ಯವಾಗಿ ತಗ್ಗಿಗಿಳಿದು ಮೇಲೇರುತ್ತದೆ. ಉದ್ದವಾದ ಲಾರಿಯ ಮುಂದಿನ ಹಿಂದಿನ ಗಾಲಿಗಳು ತಗ್ಗಿನ ಎರಡು ಇಳಿಜಾರುಗಳ ಮೇಲಿರುವಾಗ ಅದರ ನಡುಭಾಗ ರಸ್ತೆಯಿಂದ ಮೇಲೆದ್ದು ನಿಲ್ಲುತ್ತದೆ. ತಗ್ಗಿನ ತ್ರಿಜ್ಯ 100 ಮೀಟರು, ಗಾಲಿಗಳ ಅಂತರ 12 ಮೀಟರು ಆದರೆ ಈ ಏರಿಕೆ 18 ಸೆಂಟಿಮೀಟರು. ಮಿಲಿಮೀಟರಿನವರೆಗೆ ಅಳೆದ ತೆರಪೂ ಇದನ್ನು ಹೇಳುವುದಿಲ್ಲ, ಗಣಿಸಿ ಕಳೆಯಬೇಕು.

ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲಿಲ್ಲ. ಅಲ್ಲಿ ತೆರಪಿನ ಪ್ರಶ್ನೆ ಎದುರಾಗುವುದು ವಿದ್ಯುತ್ ತಂತಿಗಳ ಕೆಳಗೆ. ಕಾಲುವೆಯ ನೀರಿನಿಂದ ಬೆಳೆದ ಭತ್ತದ ಹುಲ್ಲೂ ಹತ್ತಿಯೂ ಎತ್ತರವಾಗಿ ಹೇರಿಕೊಂಡು ಸಾಗುವ ನಾಡು ಇದು. ಬಿಸಿಲಿಗೆ ತಂತಿ ಹಿಗ್ಗಿ ಜೋಲುತ್ತದೆ. ಆದುದರಿಂದ ಮಾರ್ಗಶಿರದ ಮುಂಜಾನೆ ದೊರೆತ ತೆರಪು ವೈಶಾಖದ ಮಧ್ಯಾಹ್ನ ಉಳಿದಿರದು. ರಸ್ತೆಗೆ 5 ಸೆಂಟಿಮೀಟರು ಹೊಸ ಡಾಂಬರು ಹಾಕಿದರೂ ತೆರಪು ಅಷ್ಟೇ ಕುಗ್ಗುತ್ತದೆ, ಫಲಕದ ಅಂಕೆ ಮಾತ್ರ ಹಾಗೆಯೇ ಇರುತ್ತದೆ.

ಕೃಷ್ಣಾ, ಭೀಮಾ ನದಿಗಳ ಸೇತುವೆಗಳಲ್ಲಿ ತೆರಪೆಂದರೆ ಗರಿಷ್ಠ ಪ್ರವಾಹಮಟ್ಟಕ್ಕೂ ತಳಕ್ಕೂ ಇರುವ ಅಂತರ. ಸೆಕೆಂಡಿಗೆ 3000 ಘನಮೀಟರಿಗೆ ಮೀರಿದ ಹರಿವಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮವು ಕನಿಷ್ಠ 1.5 ಮೀಟರು ತೆರಪನ್ನು ಬಯಸುತ್ತದೆ. ಸೇತುವೆಯ ಮೇಲೆ ಚಲಿಸುವ ವಾಹನಕ್ಕೆ ತಾನು ನಿಂತ ಸೇತುವೆಯ ತಳವೇ ಕಾಣದು. ಇಲ್ಲಿ ಪ್ರವಾಹದ ಗುರುತನ್ನು ದಾಖಲಿಸಿಟ್ಟವರ ಶ್ರದ್ಧೆಯೇ ಆಧಾರ.

ಇದರಿಂದ ಸಿದ್ಧವಾಗುವುದಿಷ್ಟು: ತೆರಪು ಸೇತುವೆಯ ಸ್ಥಿರಗುಣವಲ್ಲ, ರಸ್ತೆ, ತಳ, ವಾಹನ, ಕಾಲ ಈ ನಾಲ್ಕರ ಸಂಬಂಧ. ಅಳೆದ ದಿನಾಂಕ, ಅತ್ಯಂತ ತಗ್ಗಾದ ಬಿಂದು, ಗಣನೆಗೆ ತೆಗೆದುಕೊಂಡ ವಾಹನದ ಉದ್ದ ಇವುಗಳಿಲ್ಲದೆ ಪ್ರಕಟವಾದ ಅಂಕೆ ಎಷ್ಟು ಸೂಕ್ಷ್ಮವಾಗಿದ್ದರೂ ಅಪೂರ್ಣ. ಅಂಥ ಅಂಕೆಯನ್ನು ನಂಬಿ ನಡೆದು ಅಪಾಯಕ್ಕೊಳಗಾಗುವವನು ಅಳೆದವನಲ್ಲ, ಹೇರು ಹೊತ್ತ ಬಂಡಿಯ ಚಾಲಕ.