ಮೂವತ್ತು ವಾಟಿನ ಧೈರ್ಯ

ಕುಷ್ಟಗಿಯಲ್ಲಿ ರಾಕ್ ಸಂಗೀತಕ್ಕೆಂದೇ ರೇಡಿಯೊ ಕೇಂದ್ರ ತೆರೆಯುತ್ತೇವೆಂದರೆ ಊರು ಕೇಳುವ ಮೊದಲ ಪ್ರಶ್ನೆ, “ಕೇಳೋರು ಯಾರು?”

ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಆ ಪ್ರಶ್ನೆಗೆ ಕಾಯಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಅವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ರೇಡಿಯೊ ಪೆಟ್ಟಿಗೆಯಿದ್ದ ಮನೆಗಳೇ ವಿರಳ. ಆದರೂ ಕೈಯಿಂದ ಖರ್ಚು ಹಾಕಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ.

ನನಗೆ ಇನ್ನೂ ಹತ್ತಿರವೆನಿಸುವುದು ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’. ಈ ಶತಮಾನದ ಆರಂಭದಲ್ಲಿ ಹಳ್ಳಿಯವರಿಗೆ ಗಾಳಿಯಲ್ಲಿ ಪ್ರಸಾರ ಮಾಡುವ ಅನುಮತಿಯೇ ಇರಲಿಲ್ಲ. ಅವರು ಟಿವಿ ಕೇಬಲ್ಲಿನ ತಂತಿಯಲ್ಲೇ ದನಿ ಹರಿಸಿದರು! ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮೈಕ್ ಹಿಡಿದು ಕಾರ್ಯಕ್ರಮ ಕಟ್ಟಿದರು. ಪಕ್ಕದ ಮನೆಯಾಕೆಯ ದನಿ ಪೆಟ್ಟಿಗೆಯಿಂದ ಬಂದರೆ ಯಾರು ತಾನೇ ಕಿವಿಗೊಡುವುದಿಲ್ಲ? ಕೇಳುಗರನ್ನು ಗಳಿಸಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

2006ರಿಂದ ಸಮುದಾಯ ಬಾನುಲಿಗೆ ಸ್ವಯಂಸೇವಾ ಸಂಸ್ಥೆಗಳೂ ಅರ್ಜಿ ಹಾಕಬಹುದು. ಸಂಸ್ಥೆ ನೋಂದಣಿಯಾಗಿ ಮೂರು ವರ್ಷವಾಗಿರಬೇಕು, ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಊರವರೊಂದಿಗೆ ಸೇರಿ ಮಾಡಿದವಾಗಿರಬೇಕು. ಗಿಟಾರಿನ ಜೊತೆ ನಮ್ಮ ತತ್ವಪದದ ಏಕತಾರಿ, ಡೊಳ್ಳು ಸೇರಿಸಲು ಈ ನಿಯಮವೇ ಜಾಗ ಕೊಡುತ್ತದೆ. ಗಿಟಾರ್ ಹಿಡಿದ ಕುಷ್ಟಗಿ, ಯಲಬುರ್ಗಾದ ಹುಡುಗ ಹುಡುಗಿಯರೇ, ಊರಿನ ಒಳ್ಳೆಯ ಸಂಸ್ಥೆಯೊಂದನ್ನು ಜೊತೆಗೆ ಕರೆದುಕೊಳ್ಳಿರಿ, ಅರ್ಜಿ ಹಾಕಿರಿ.