ಹಂಚಿಕೊಳ್ಳುವವರು ಮತ್ತು ಪಾಲು ಕೇಳುವವರು

ಈಚೆಗೆ ನಮ್ಮ ಕವಿಗೋಷ್ಠಿಗಳಲ್ಲಿ, ಪುಸ್ತಕ ವಿಮರ್ಶೆಗಳಲ್ಲಿ ಒಂದು ಮಾತು ಸವೆದ ನಾಣ್ಯದಂತೆ ಓಡಾಡುತ್ತಿದೆ: "ಈ ಕವಿತೆ ದಲಿತರ ನೋವನ್ನು ಹಂಚಿಕೊಳ್ಳುತ್ತದೆ." ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತಾರೆ. ನನ್ನದೇ ಒಂದು ಕವಿತೆಯ ಬಗ್ಗೆ ಯಾರೋ ಹಾಗೆ ಬರೆದಾಗ ನಾನೂ ಹಿಗ್ಗಿದವನೇ. ಹಿಗ್ಗಿ ಅವ್ವನಿಗೆ ಓದಿ ಹೇಳಿದೆ. ರಾಗಿ ಕೇರುತ್ತಿದ್ದ ಅವ್ವ ಮೊರ ನಿಲ್ಲಿಸಿ ಕೇಳಿದಳು: "ಏನ ಹಂಚ್ಕಂಡರಂತೆ ಮಗ? ರಾಗಿಯಾ, ನೆಲಾನಾ?"

ಉತ್ತರ ಹೊಳೆಯದೆ ನಿಘಂಟು ತೆಗೆದೆ. ನಮ್ಮ ವೇದಿಕೆಗಳ ಈ 'ಹಂಚಿಕೊಳ್ಳುವಿಕೆ' ಇಂಗ್ಲಿಷಿನ 'ಶೇರ್' ಎಂಬ ಮಾತಿನ ನೆರಳು. ಆ ಮಾತಿನ ಬೇರು 'ಕತ್ತರಿಸು' ಎಂಬುದರಲ್ಲಿದೆ. ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಅವರು ಹೇಳುವ 'ಶಿಯರ್' ಇದೇ ಬಳ್ಳಿಯದು. ನೇಗಿಲ ಗುಳಕ್ಕೂ ಇಂಗ್ಲಿಷಿನಲ್ಲಿ 'ಶೇರ್' ಎಂದೇ ಹೆಸರು. ಅದು ನೆಲ ಸೀಳುತ್ತದಲ್ಲ! ಅಂದರೆ ಹಂಚಿಕೆಗೆ ಮೊದಲು ಒಂದು ಕುಡುಗೋಲು ಇದ್ದೇ ಇದೆ. ಆ ಕುಡುಗೋಲು ಯಾರ ಕೈಲಿದೆ ಅನ್ನೋದನ್ನು ಮಾತ್ರ ಪದ ಬಾಯಿಬಿಟ್ಟು ಹೇಳುವುದಿಲ್ಲ.

ಒಂದೇ ಪದ ಜಾಗಕ್ಕೊಂದು ವೇಷ ಹಾಕುತ್ತದೆ. 1875ರಲ್ಲಿ ಹುಟ್ಟಿದ ಮುಂಬಯಿ ಷೇರುಪೇಟೆಯಲ್ಲಿ ಅದು ಒಡೆತನ. ಷೇರು ಇದ್ದವನಿಗೆ ಲಾಭವೂ ಬರುತ್ತದೆ, ಕಂಪನಿಯ ಸಭೆಯಲ್ಲಿ ಓಟೂ ಇದೆ. ಸಾವಿನ ಮನೆಯಲ್ಲಿ ಅದು ಸಮಾಧಾನದ ಮಾತು. ಮೊಬೈಲಿನಲ್ಲಿ ಅದು ಒಂದು ಗುಂಡಿ. ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿ ನೆಲ ಕಳಕೊಂಡರು. ಇವತ್ತು ಹೆಬ್ಬೆಟ್ಟು ಒತ್ತಿದರೆ ದೌರ್ಜನ್ಯದ ಚಿತ್ರ ಸಾವಿರ ಜನಕ್ಕೆ 'ಶೇರ್' ಆಗುತ್ತದೆ. ಒತ್ತಿದವನ ಕಣಜದಲ್ಲಿ ಒಂದು ಕಾಳೂ ಕಡಿಮೆಯಾಗುವುದಿಲ್ಲ.

ಈ ಪದದ ನಿಜವಾದ ಮುಖ ನೋಡಬೇಕಾದರೆ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಿಗೆ ಹೋಗಬೇಕು. 1865ರ ಜನವರಿಯಲ್ಲಿ ಜನರಲ್ ಶರ್ಮನ್ ಹೊರಡಿಸಿದ ಆಜ್ಞೆ, ಬಿಡುಗಡೆಯಾದ ಗುಲಾಮ ಕುಟುಂಬಗಳಿಗೆ ಕರಾವಳಿಯಲ್ಲಿ 40 ಎಕರೆವರೆಗೆ ನೆಲ ಎಂದಿತು. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಆ ನೆಲವನ್ನು ಹಳೆಯ ಧಣಿಗಳಿಗೇ ತಿರುಗಿಸಿದ. ನೆಲ ಹೋಯಿತು, 'ಶೇರ್' ಉಳಿಯಿತು. ಕಪ್ಪು ಜನ 'ಶೇರ್‌ಕ್ರಾಪರ್' ಆದರು, ನಮ್ಮಲ್ಲಿ ವಾರಕ್ಕೆ ಮಾಡೋರು ಅಂತೀವಲ್ಲ, ಹಾಗೆ. ಬೆಳೆ ತೂಗುವವನು ಧಣಿ, ಸಾಲದ ಲೆಕ್ಕ ಬರೆಯುವವನೂ ಧಣಿ. 1919ರಲ್ಲಿ ಆರ್ಕನ್ಸಾ ರಾಜ್ಯದ ಎಲೇನ್ ಬಳಿ ಇಂಥ ರೈತರು ಚರ್ಚಿನಲ್ಲಿ ಸಭೆ ಸೇರಿ, ಹತ್ತಿಗೆ ನ್ಯಾಯವಾದ ಬೆಲೆ ಕೇಳಲು ಸಂಘ ಕಟ್ಟುತ್ತಿದ್ದರು. ಅವರ ಮೇಲೆ ಗುಂಡು ಹಾರಿತು. ಸತ್ತ ಕಪ್ಪು ಜನರ ಲೆಕ್ಕ ಇವತ್ತಿಗೂ ಖಚಿತವಿಲ್ಲ. ನೂರು ದಾಟಿತೆಂಬ ಅಂದಾಜುಗಳಿವೆ. 'ಶೇರ್' ತಗೊಂಡು ಸುಮ್ಮನಿರೋ ತನಕ ಅವರು ಒಳ್ಳೆಯ ಕೂಲಿಗಳು. ಲೆಕ್ಕ ಕೇಳಿದ ದಿನ ದಂಗೆಕೋರರು.

ಈ ಕಪ್ಪು ಜನರ ಹೋರಾಟದಿಂದಲೇ ಹೆಸರು ಪಡೆದು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಆ ಕಾಲದ ಮರಾಠಿ ಲೇಖಕ ದಯಾ ಪವಾರ್ 1978ರಲ್ಲಿ ತನ್ನ ಆತ್ಮಕಥೆಗೆ ಇಟ್ಟ ಹೆಸರು 'ಬಲುತ'. ಊರ ಚಾಕರಿಗೆ ಪ್ರತಿಯಾಗಿ ಸುಗ್ಗಿಯಲ್ಲಿ ಸಿಗುವ ಕಾಳಿನ ಪಾಲು ಎಂದು ಅರ್ಥ. ನಮ್ಮ ಹಳ್ಳಿಗಳಲ್ಲಿ ಅದೇ 'ಆಯ'. ಹೆಸರು ಪಾಲು, ಪಡೆಯೋ ರೀತಿ ಭಿಕ್ಷೆ. ವತನ ಮತ್ತು ಬಲುತ ಮಹಾರರನ್ನು ಆಳುಗಳಾಗಿ ಕಟ್ಟಿಹಾಕಿವೆ ಎಂಬುದು ಬಾಬಾಸಾಹೇಬರ ವಾದ. 1928ರಲ್ಲೇ ಅವರು ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆಯ ತಿದ್ದುಪಡಿಗೆ ಮಸೂದೆ ಮಂಡಿಸಿದರು. 2015ರಲ್ಲಿ ಜೆರ್ರಿ ಪಿಂಟೊ ಮಾಡಿದ ಇಂಗ್ಲಿಷ್ ಅನುವಾದದ ಮೇಲೂ 'ಬಲುತ' ಎಂದೇ ಇದೆ. ಇರಬೇಕಾದ್ದೇ. ಇಷ್ಟು ಅವಮಾನವನ್ನು 'ಶೇರ್' ಎಂಬ ನಯವಾದ ಪದ ಹೊರಲಾರದು.

ನಮ್ಮ ಕನ್ನಡ ಈ ವಿಷಯದಲ್ಲಿ ಜಾಣ ನುಡಿ. ಅದು ಎರಡು ಮಾತು ಇಟ್ಟುಕೊಂಡಿದೆ. ಹಂಚುವವನ ಕೈ ಮೇಲಿರುತ್ತದೆ. ಪ್ರಸಾದ ಹಂಚುತ್ತಾರೆ, ಸೀರೆ ಹಂಚುತ್ತಾರೆ, ಚುನಾವಣೆ ಬಂದರೆ ನೋಟು ಹಂಚುತ್ತಾರೆ. ಪಾಲು ಹಾಗಲ್ಲ. ಅಣ್ಣತಮ್ಮಂದಿರು ಪಾಲು ಕೇಳುತ್ತಾರೆ, ಕೊಡದಿದ್ದರೆ ಕೋರ್ಟಿಗೆ ಹೋಗುತ್ತಾರೆ. ಪಾಲು ಕೇಳುವವನು ಮನೆಯವನು. ಅಸ್ಪೃಶ್ಯನಿಗೆ ಊರು ಹಂಚಿರಬಹುದು, ಪಾಲು ಎಂದೂ ಕೊಟ್ಟಿಲ್ಲ. ಕೊಟ್ಟರೆ ಅವನು ದಾಯಾದಿ ಆಗಿಬಿಡುತ್ತಾನೆ!

ಹಂಚಿಕೊಳ್ಳುವುದೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹಾಸ್ಟೆಲಿನಲ್ಲಿ ಒಂದು ತಟ್ಟೆ ಅನ್ನವನ್ನು ಇಬ್ಬರು ಉಂಡವರಿಗೆ ಅದರ ರುಚಿ ಗೊತ್ತು. ಅಲ್ಲಿ ಇಬ್ಬರಿಗೂ ಹಸಿವಿತ್ತು, ಇಬ್ಬರಿಗೂ ಅರ್ಧ ಕಡಿಮೆಯಾಯಿತು. ಆದರೆ ನೆಲ, ನೀರು, ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಂಡು ನಮ್ಮ ನೋವನ್ನು ಮಾತ್ರ ಹಂಚಿಕೊಳ್ಳಲು ಬರುವ ಸಾಹಿತ್ಯವನ್ನು ಏನೆನ್ನೋಣ? ನೋವು ಒಂದೇ ನಮ್ಮ ಸ್ವಂತ ಆಸ್ತಿ ಆಗಿತ್ತು. ಅದಕ್ಕೂ ಈಗ ಪಾಲುದಾರರು!

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕೆಂದು ಕೇಳಿದ ನಮ್ಮ ಹಿರಿಯರು ಅನುಕಂಪ ಕೇಳಿರಲಿಲ್ಲ, ಪಾಲು ಕೇಳಿದ್ದರು. ಸಿಗಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯದ ಸಮ್ಮೇಳನ ನಡೆಯಿತು. 'ಪಾಲ್ಗೊಳ್ಳು' ಎಂಬ ಮಾತಿಗೆ ಇರುವ ಅರ್ಥವೇ ಅದು, ಪಾಲನ್ನು ತಗೊಳ್ಳುವುದು.

ಆದ್ದರಿಂದ ಗೆಳೆಯರೇ, ಮೇಷ್ಟ್ರುಗಳೇ, ಇನ್ನು ಮುಂದೆ ಕವಿತೆಯಲ್ಲಾಗಲಿ ಭಾಷಣದಲ್ಲಾಗಲಿ ಯಾರಾದರೂ 'ಹಂಚಿಕೊಳ್ಳುತ್ತೇನೆ' ಎಂದರೆ ಮೂರು ಪ್ರಶ್ನೆ ಕೇಳಿ. ಏನನ್ನು? ಎಷ್ಟು? ಕುಡುಗೋಲು ಯಾರ ಕೈಲಿ? ನನ್ನ ಆ ಕವಿತೆಯಲ್ಲೂ 'ಹಂಚಿಕೊಳ್ಳೋಣ ಬನ್ನಿ' ಎಂಬ ಸಾಲಿತ್ತು. ಹೊಡೆದುಹಾಕಿದ್ದೇನೆ. ಅವ್ವನ ಪ್ರಶ್ನೆಯನ್ನು ಆ ಜಾಗದಲ್ಲಿ ಬರೆದಿದ್ದೇನೆ.