ಮಿಶನ್ ಬಂಗಲೆಯ ಒಳಮನೆ

ಮಿಶನರಿಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳಿಗೆ ಒಂದು ಸಿದ್ಧ ಅಚ್ಚು ಇದೆ. ಎಲ್ಲಿಂದಲೋ ಬಂದರು, ಕನ್ನಡ ಕಲಿತರು, ಅಚ್ಚುಕೂಟ ಹಾಕಿದರು, ಪುಸ್ತಕ ಬರೆದರು, ತಮ್ಮ ದೇಶಕ್ಕೆ ಮರಳಿ ಅಲ್ಲಿ ತೀರಿಕೊಂಡರು. ಮೋಗ್ಲಿಂಗ್ ಎಂದರೆ 1843ರ ‘ಮಂಗಳೂರ ಸಮಾಚಾರ’. ಪ್ಲೆಬ್‌ಸ್ಟ್ ಎಂದರೆ 1865ರ ಹಂಚಿನ ಕಾರ್ಖಾನೆ. ಕಿಟ್ಟೆಲ್ ಎಂದರೆ 1894ರ ನಿಘಂಟು. ಮೂವತ್ತು ವರ್ಷದ ಹತ್ತಿರ ಕನ್ನಡ ಪಾಠ ಹೇಳಿದವಳು ನಾನು. ಈ ಇಸವಿಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಈ ಬರಹಗಳನ್ನು ಒಂದರ ಮೇಲೊಂದು ಓದಿದಾಗ ನನಗೆ ಅನಿಸುವುದು ಇದು: ಇವುಗಳಲ್ಲಿ ಮನುಷ್ಯನ ಕೆಲಸವಿದೆ, ಮನುಷ್ಯನ ದಿನವಿಲ್ಲ. ಬೆಳಗಾಗುವುದಿಲ್ಲ, ಒಲೆ ಹೊತ್ತುವುದಿಲ್ಲ, ಮಕ್ಕಳಿಗೆ ಜ್ವರ ಬರುವುದಿಲ್ಲ.

ಒಮ್ಮೆ ಎಂಟನೆಯ ಇಯತ್ತೆಯಲ್ಲಿ ನಿಘಂಟಿನ ಪಾಠ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಕಿಟ್ಟೆಲ್ ಅವ್ರ ಮನ್ಯಾಗ ಅಡಗಿ ಯಾರು ಮಾಡತಿದ್ರು ರೀ?” ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ಮಾತ್ರ ಅದು ನಗುವ ಪ್ರಶ್ನೆ ಅನಿಸಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೀರು ತುಂಬಿ, ತಮ್ಮನಿಗೆ ಡಬ್ಬಿ ಕಟ್ಟಿ, ಆಮೇಲೆ ಸಾಲಿಗೆ ಬರುವ ಹುಡುಗಿ ಅವಳು. ಒಬ್ಬರು ದಿನವಿಡೀ ಕೂತು ಬರೆಯಬೇಕಾದರೆ ಇನ್ನೊಬ್ಬರು ದಿನವಿಡೀ ನಿಂತಿರಬೇಕು ಎಂಬುದು ಅವಳಿಗೆ ಗೊತ್ತಿತ್ತು. ನಮ್ಮ ಪಾಠಗಳನ್ನು ಬರೆದವರಿಗೆ ಅದು ಹೊಳೆದಂತೆ ಕಾಣುವುದಿಲ್ಲ.

ದಿನವನ್ನು ಬಿಟ್ಟು ಕೆಲಸವನ್ನಷ್ಟೇ ಬರೆದರೆ ಏನಾಗುತ್ತದೆ? ಪೂಜಿಸುವವರಿಗೂ ಅನುಕೂಲ, ಬಯ್ಯುವವರಿಗೂ ಅನುಕೂಲ. 2021ರ ಡಿಸೆಂಬರದಲ್ಲಿ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ಮತಾಂತರದ ಮಸೂದೆ ವಿಧಾನಸಭೆಯ ಒಪ್ಪಿಗೆ ಪಡೆದಾಗ ಊರಿನ ಮಾತೆಲ್ಲ ಅದೇ. ಒಬ್ಬರು, “ನಿಘಂಟು ಕೊಟ್ಟವರನ್ನು ಹೀಗೆ ಅನ್ನಬಹುದೇ?” ಎಂದರೆ, ಇನ್ನೊಬ್ಬರು, “ನಿಘಂಟು ಬರೆದದ್ದೇ ಅದಕ್ಕೆ” ಎನ್ನುವರು. ಇಬ್ಬರ ಕೈಯಲ್ಲೂ ಇದ್ದದ್ದು ಅದೇ ಒಂದು ಸಾಲು, ಅದೇ ಇಸವಿ. ಮನೆ ಮಾಡಿಕೊಂಡು, ಕಾಯಿಲೆ ಬಿದ್ದು, ನೆರೆಯವರೊಡನೆ ಜಗಳಾಡಿ, ಅವರಿಂದಲೇ ಮಜ್ಜಿಗೆ ಕೇಳಿ ತಂದ ಸಂಸಾರವೊಂದು ಕಣ್ಣ ಮುಂದೆ ಇದ್ದಿದ್ದರೆ ಇಬ್ಬರ ಮಾತೂ ಇಷ್ಟು ಸಲೀಸಾಗಿ ಹೊರಡುತ್ತಿರಲಿಲ್ಲ.

ನಮ್ಮ ಊರಿನ ಮಟ್ಟಿಗೆ ಈ ಕಥೆ ಹಳೆಯದು. ಲಂಡನ್ ಮಿಶನರಿ ಸೊಸೈಟಿ ಹುಟ್ಟಿದ್ದು 1795ರಲ್ಲಿ. ಅದು ತನ್ನ ಮೊದಲ ತಂಡವನ್ನು ಕಳಿಸಿದ್ದು ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ. ‘ಡಫ್’ ಎಂಬ ಹಡಗು ಅಲ್ಲಿ ಮುಟ್ಟಿದ್ದು 1797ರಲ್ಲಿ. ಅದೇ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ಆಮೇಲೆ ವಿಲಿಯಂ ಬೆನನ್ ಬಂದು ದಶಕಗಳ ಕಾಲ ಇಲ್ಲೇ ನೆಲೆಸಿದರು. 1904ರಲ್ಲಿ ಈ ಕೇಂದ್ರ ಅಮೆರಿಕದ ಮೆಥಡಿಸ್ಟರ ಕೈ ಸೇರಿತು. ಬೆನನ್ ಸ್ಮಿತ್ ಹೈಸ್ಕೂಲಿನ ಹೆಸರಿನಲ್ಲಿ ಆ ಹಿರಿಯರ ನೆನಪು ಉಳಿದಿದೆ. ತೆಂಗಿನ ಮರದ ದ್ವೀಪಕ್ಕೂ ಜೋಳದ ಸೀಮೆಗೂ ಒಂದೇ ಕಚೇರಿಯಿಂದ ಕಾಗದ ಹೋಗುತ್ತಿತ್ತು ಎಂಬುದು ಸೋಜಿಗವಲ್ಲವೇ?

ಆ ದ್ವೀಪಗಳ ಕಥೆಯಲ್ಲೂ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಂಗತಿ. 1839ರಲ್ಲಿ ಎರೊಮಾಂಗಾ ದ್ವೀಪದಲ್ಲಿ ಕೊಲೆಯಾದ ಜಾನ್ ವಿಲಿಯಮ್ಸ್ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ಅವರ ಹೆಸರನ್ನು ಹಡಗುಗಳಿಗೂ ಇಟ್ಟರು. 1871ರಿಂದ ಮುಂದೆ ಪಪುವಾದ ಕಡೆಗೆ ಮೊದಲು ಹೋದವರಲ್ಲಿ ಬಹಳ ಮಂದಿ ದ್ವೀಪದವರೇ ಆದ ಉಪದೇಶಕರು ಮತ್ತು ಅವರ ಹೆಂಡಂದಿರು. ಮಲೇರಿಯಾದಿಂದ ಅವರು ಸಾಲುಸಾಲಾಗಿ ಸತ್ತರು. ಆ ಹೆಂಗಸರನ್ನು ಪುಸ್ತಕಗಳು ನೆನೆಯುವುದು ಹೆಚ್ಚಾಗಿ ‘ಉಪದೇಶಕನ ಹೆಂಡತಿ’ ಎಂದೇ. ನಮ್ಮಲ್ಲಿ ಮನೆಮನೆ ತಿರುಗಿ ಹೆಂಗಸರಿಗೆ ಓದಿ ಹೇಳಿ ಅಕ್ಷರ ಕಲಿಸಿದ ‘ಬೈಬಲ್ ಬಾಯಿ’ಯರ ಗತಿಯೂ ಇಷ್ಟೇ. ಕಡಲು ಬೇರೆ, ಲೆಕ್ಕ ಬರೆಯುವ ಕ್ರಮ ಒಂದೇ.

ಈಗ ಬಾಸೆಲ್ ಮಿಶನ್ನಿಗೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂತು. ಅದರ ಒಂದು ನಿಯಮವನ್ನು ನಮ್ಮ ಹೆಣ್ಣುಮಕ್ಕಳು ತಿಳಿಯಬೇಕು. ಮಿಶನರಿ ಒಂಟಿಯಾಗಿ ಬರಬೇಕು. ಎರಡು ವರ್ಷ ದುಡಿದ ಮೇಲೆ ಮದುವೆಗೆ ಅಪ್ಪಣೆ ಕೇಳಬಹುದು. ಹೆಣ್ಣು ಯಾರೆಂಬುದನ್ನು ಬಾಸೆಲ್ಲಿನ ಹಿರಿಯರ ಕಮಿಟಿ ಒಪ್ಪಬೇಕು. ಎಷ್ಟೋ ಹುಡುಗಿಯರು ಮುಖ ನೋಡಿರದ ಗಂಡನಿಗಾಗಿ ಕಡಲು ದಾಟಿ ಬಂದರು. ಹೆಣ್ಣು ನೋಡುವ ಶಾಸ್ತ್ರ ನಮ್ಮಲ್ಲಿ ಮಾತ್ರ ಎಂದುಕೊಂಡವರು ಇದನ್ನು ಓದಬೇಕು. ನಮ್ಮಲ್ಲಿ ಹುಡುಗ ಉಪ್ಪಿಟ್ಟು ತಿಂದು ಹೋಗಲಿಕ್ಕಾದರೂ ಬರುತ್ತಾನೆ! ಬಂದ ಮೇಲೆ ಆಕೆಗೆ ಸಂಬಳವಿಲ್ಲ, ಕೆಲಸ ಮಾತ್ರ ಕೈತುಂಬ. ಹೆಣ್ಣುಮಕ್ಕಳ ಶಾಲೆ, ಅನಾಥ ಮಕ್ಕಳ ಊಟ ಬಟ್ಟೆ, ಹೊಲಿಗೆ ಪಾಠ, ಬಾಣಂತಿಯರ ಆರೈಕೆ, ಬಂದುಹೋಗುವವರ ಉಪಚಾರ ಎಲ್ಲ ಆಕೆಯ ಪಾಲಿನದು.

ಇನ್ನು ಮಕ್ಕಳು. ಅವರನ್ನು ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳಿಸುವುದು ರೂಢಿ. ಅದಕ್ಕೆಂದೇ ಬಾಸೆಲ್ಲಿನಲ್ಲಿ ಮಕ್ಕಳ ಮನೆ ತೆರೆದರು. ತಲಶೇರಿಯಲ್ಲಿದ್ದು ಮಲೆಯಾಳದ ನಿಘಂಟು ಬರೆದ ಹೆರ್ಮನ್ ಗುಂಡರ್ಟ್ ಅವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ. ಚಿಕ್ಕವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟರು; ಮತ್ತೆ ಇಲ್ಲಿಗೆ ಬಂದಾಗ ಅವಳು ಹದಿಹರೆಯದ ಹುಡುಗಿ. ‘ಸಿದ್ಧಾರ್ಥ’ ಕಾದಂಬರಿ ಬರೆದು ಮುಂದೆ 1946ರಲ್ಲಿ ನೊಬೆಲ್ ಪಡೆದ ಹೆರ್ಮನ್ ಹೆಸ್ಸೆ ಅವಳ ಮಗ. ಅವಳ ತಾಯಿ ಜೂಲಿ ತಲಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸುತ್ತ, ತನ್ನ ಮಗಳ ಕೈಬರಹವನ್ನು ಕಾಗದದಲ್ಲಿ ಮಾತ್ರ ನೋಡುವ ತಾಯಿ! ಗುಂಡರ್ಟರ ನಿಘಂಟಿನ ಇಸವಿ 1872 ಎಂದು ಪುಸ್ತಕಗಳು ತಪ್ಪದೆ ಹೇಳುತ್ತವೆ. ಈ ತಾಯಿಯ ವರ್ಷಗಳನ್ನು ಎಣಿಸುವವರಿಲ್ಲ.

ಮೋಗ್ಲಿಂಗ್ ಕಥೆಯಲ್ಲೂ ನಾವು ದಾಟಿ ಹೋಗುವ ಒಂದು ಸಂಗತಿ ಇದೆ. ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ದುಡಿದ ವೈಗಲ್ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆ ಪೌಲೀನಾರನ್ನು ಮೋಗ್ಲಿಂಗ್ ಮದುವೆಯಾದರು. ನಮ್ಮ ದೇಶದಲ್ಲಿ ವಿಧವಾ ವಿವಾಹದ ಕಾಯಿದೆ ಬಂದದ್ದು 1856ರಲ್ಲಿ. ಮಡಿವಂತರ ಓಣಿಗಳಲ್ಲಿ ಈ ಮದುವೆ ಎಂಥ ಮಾತು ಎಬ್ಬಿಸಿದ್ದೀತು? ತಲೆ ಬೋಳಿಸಿಕೊಂಡು ಒಳಕೋಣೆಯಲ್ಲಿದ್ದ ನಮ್ಮ ಹೆಣ್ಣುಮಗಳೊಬ್ಬಳು ಬಂಗಲೆಯ ಆ ಹೆಂಗಸನ್ನು ಕಿಟಕಿಯಿಂದ ನೋಡಿರಲಾರಳೇ? ನಮ್ಮ ಲೇಖಕರು ಪತ್ರಿಕೆಯ ಮೊದಲ ಸಂಚಿಕೆಯನ್ನು ವರ್ಣಿಸುವಷ್ಟು ಆಸ್ಥೆಯನ್ನು ಈ ಪ್ರಶ್ನೆಗೆ ತೋರಿಸಿಲ್ಲ.

ಕಿಟ್ಟೆಲ್ ಅವರ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 1853ರಲ್ಲಿ ಬಂದ ಈ ತರುಣ ಧಾರವಾಡದ ಕಡೆಯ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದ. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕೆಂಬುದು ಅವನ ಹಂಬಲ. ಹಿರಿಯರಿಗೆ ಅದು ಒಗ್ಗಲಿಲ್ಲ. ರೈನ್‌ಹಾರ್ಡ್ ವೆಂಟ್ ಸಂಪಾದಿಸಿ 2006ರಲ್ಲಿ ಬಂದ ಇಂಗ್ಲಿಷ್ ಲೇಖನಗಳ ಸಂಕಲನವು ಅವರ ಆರಂಭದ ಸೋಲನ್ನು ಹೆಸರಿನಲ್ಲೇ ಹೇಳುತ್ತದೆ. ನಮ್ಮ ಪಾಠಗಳಲ್ಲಿ ಸೋಲಿಗೆ ಜಾಗವಿಲ್ಲ. ಅಲ್ಲಿ ಕಿಟ್ಟೆಲ್ ಹಡಗಿನಿಂದ ಇಳಿಯುವಾಗಲೇ ನಿಘಂಟಿನೊಂದಿಗೆ ಇಳಿಯುತ್ತಾರೆ. 1860ರಲ್ಲಿ ಪೌಲೀನಾ ಐತ್ ಅವರೊಡನೆ ಮದುವೆ. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ಒಡಹುಟ್ಟಿದ ಜೂಲಿಯನ್ನೇ ಅವರು ಮದುವೆಯಾದರು. ಮಡದಿ ಸತ್ತ ಮನೆಗೆ ಅವಳ ತಂಗಿಯನ್ನೇ ತರುವುದು ನಮ್ಮ ಕಡೆ ಹೊಸ ಮಾತಲ್ಲ. ಒಪ್ಪಿಗೆ ಎಂಬುದು ಅಂಥ ಮದುವೆಯಲ್ಲಿ ಎಷ್ಟು ಇರುತ್ತದೆ ಎಂಬುದೂ ನಮಗೆ ಗೊತ್ತು. ಅಕ್ಕತಂಗಿಯರಿಬ್ಬರ ಬದುಕು ಆ ಪುಸ್ತಕದ ಹಿಂದೆ ಇದೆ. ನಾನು ಓದಿದ ಪಾಠಗಳಲ್ಲಿ ಅವರಿಗೆ ಒಂದು ವಾಕ್ಯವೂ ಸಿಕ್ಕಿಲ್ಲ.

ಹಾಗಾದರೆ ಆ ದಿನಗಳನ್ನು ಎಲ್ಲಿ ಹುಡುಕಬೇಕು? ವಿಚಿತ್ರವೆಂದರೆ, ನಿಘಂಟಿನಲ್ಲೇ. ಸುಮಾರು 70,000 ಶಬ್ದಗಳ, 1,700ಕ್ಕೂ ಮಿಕ್ಕಿದ ಪುಟಗಳ ಆ ಗ್ರಂಥವನ್ನು ಪಂಡಿತರು ಹಳಗನ್ನಡಕ್ಕಾಗಿ ತೆರೆಯುತ್ತಾರೆ. ನಾನು ಅದನ್ನು ಸಂಜೆ ಹೊತ್ತು ಸುಮ್ಮನೆ ಪುಟ ತಿರುವಿ ಓದುತ್ತೇನೆ. ಮೊರ, ಒನಕೆ, ಕಡೆಗೋಲು, ಒಗ್ಗರಣೆ, ಸೆರಗು, ಬಸಿರು, ಬಾಣಂತಿ. ಕಾವ್ಯದ ಶಬ್ದದ ಪಕ್ಕದಲ್ಲೇ ಇವೂ ಕೂತಿವೆ, ಯಾವ ಸಂಕೋಚವೂ ಇಲ್ಲದೆ. ಜೊತೆಗೆ ಗಾದೆಗಳು, ಅವುಗಳಲ್ಲಿ ಅತ್ತೆ ಸೊಸೆಯರ ಗಾದೆಗಳು. ಕೆಲವು ಶಬ್ದಗಳ ಮುಂದೆ ದಕ್ಷಿಣ ಮರಾಠಾ ಸೀಮೆಯದು ಎಂಬ ಗುರುತು. ಅಂದರೆ ಧಾರವಾಡ, ಬೆಳಗಾವಿ ಕಡೆಯ ನಮ್ಮ ಮಾತು. ನಮ್ಮ ಮಕ್ಕಳು ‘ಹಿಂಗ’, ‘ಹಂಗ’ ಎಂದರೆ ತಿದ್ದುವ ಮೇಷ್ಟರುಗಳು ಇನ್ನೂ ಇದ್ದಾರೆ. ಈ ಮನುಷ್ಯ ಮೈಸೂರು ಕಡೆಯ ಮಾತಿಗೂ ನಮ್ಮ ಕಡೆಯ ಮಾತಿಗೂ ಒಂದೇ ಅಳತೆಯ ಮಣೆ ಹಾಕಿದರು. ಒಬ್ಬ ವಿಮರ್ಶಕಿಯಾಗಿ ಆ ಗ್ರಂಥದ ಬಹು ದೊಡ್ಡ ಗುಣ ಇದೇ ಎನ್ನುತ್ತೇನೆ.

ಅದರ ಕೊರತೆಯೂ ಅಲ್ಲೇ ಇದೆ. ಗುರುತು ಸೀಮೆಯನ್ನು ಹೇಳುತ್ತದೆ, ಬಾಯಿಯನ್ನು ಹೇಳುವುದಿಲ್ಲ. ಒಗ್ಗರಣೆಯ ಶಬ್ದಗಳನ್ನು, ಬಾಣಂತಿಕೋಣೆಯ ಶಬ್ದಗಳನ್ನು ಪಂಡಿತರು ಹೇಳಿಕೊಟ್ಟರೇ? ಅಂದಿನ ಗಂಡಸರು ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಗಾದೆಗಳು ಬರೆದಿಟ್ಟ ಸಂಗ್ರಹಗಳಿಂದಲೂ ಬಂದಿರಬಹುದು. ಆದರೆ ಯಾವ ಸಂಗ್ರಹಕ್ಕಾದರೂ ಮೊದಲು ಆಡುವವರು ಬೇಕು. ಹಾಲು ತರುವವಳು, ಬಟ್ಟೆ ಒಗೆಯುವವಳು, ಮಗುವನ್ನು ಆಡಿಸುವ ಆಯಾ, ಶಾಲೆಯ ಹುಡುಗಿಯರು, ಇವರ ಮಾತು ಬಂಗಲೆಯ ಯಜಮಾನಿಯ ಕಿವಿಗೆ ಬಿದ್ದು, ಊಟದ ಮೇಜಿನ ಮೇಲಿಂದ ಬರೆಯುವ ಮೇಜಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ. ಇದು ನನ್ನ ಊಹೆ. ಆದರೆ ಮನೆ ನಡೆಸಿದ ಯಾವ ಹೆಂಗಸಿಗೂ ಇದು ದೂರದ ಊಹೆ ಅನಿಸಲಾರದು.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ 1974ರಲ್ಲಿ ಬಂದಿರದಿದ್ದರೆ ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಕನ್ನಡದ ಬಗ್ಗೆ ನಮಗೆ ಇಷ್ಟೂ ತಿಳಿಯುತ್ತಿರಲಿಲ್ಲ. ಅಂಥ ಗ್ರಂಥ ಸಾಹಿತ್ಯದ ಇತಿಹಾಸ. ಅದರಲ್ಲಿ ಅಡುಗೆಮನೆ ಏಕಿಲ್ಲ ಎಂದು ಕೇಳಿದರೆ ಅವರಿಗೆ ಅನ್ಯಾಯ. ನನ್ನ ತಕರಾರು ಅವರ ನಂತರದವರ ಮೇಲೆ. ಅವರು ಕಷ್ಟಪಟ್ಟು ಹುಡುಕಿದ ಇಸವಿಗಳನ್ನು ಐವತ್ತು ವರ್ಷದಿಂದ ನಕಲು ಮಾಡುತ್ತಿದ್ದೇವೆ. ಬುನಾದಿಯನ್ನೇ ಮನೆ ಎಂದುಕೊಂಡು ಕೂತಿದ್ದೇವೆ. ಇನ್ನು ಕೆಲವರು, “ಹೆಂಡತಿ ಮಕ್ಕಳ ವಿಷಯ ಖಾಸಗಿ, ಅದು ಸಾಹಿತ್ಯಕ್ಕೆ ಏಕೆ?” ಎನ್ನುತ್ತಾರೆ. ಬಂಗಲೆಯಲ್ಲಿ ಖಾಸಗಿ ಎಂಬುದು ಎಲ್ಲಿತ್ತು? ಹೆಣ್ಣನ್ನು ಕಮಿಟಿ ಆರಿಸುತ್ತಿತ್ತು, ಮಕ್ಕಳನ್ನು ಕಮಿಟಿಯ ಮನೆ ಸಾಕುತ್ತಿತ್ತು, ಮಿಶನರಿ ತನ್ನ ಕೆಲಸದ ವರದಿಯನ್ನು ಬಾಸೆಲ್ಲಿಗೆ ಬರೆಯಬೇಕಿತ್ತು.

ಇದು ಆ ಹೆಂಗಸರನ್ನು ದೇವಿಯರನ್ನಾಗಿ ಮಾಡುವ ಮಾತೂ ಅಲ್ಲ. ಅವರಲ್ಲಿ ನಮ್ಮ ಆಚಾರಗಳನ್ನು ಹೀಯಾಳಿಸಿದವರಿದ್ದರು. ಅಕ್ಷರದ ಜೊತೆಗೆ ತಮ್ಮ ದೇವರನ್ನೂ ಕೊಟ್ಟರು, ಅದನ್ನು ಮುಚ್ಚಿಡಲೂ ಇಲ್ಲ. ಮಗಳನ್ನು ಅವರ ಶಾಲೆಗೆ ಕಳಿಸಿದ ತಂದೆತಾಯಿ ಅದನ್ನು ಬಲ್ಲರು, ಬಲ್ಲರೂ ಕಳಿಸಿದರು. ಏನನ್ನು ಅಳೆದು ಏನನ್ನು ಬಿಟ್ಟುಕೊಟ್ಟರು ಎಂಬುದು ಬರೆಯಬೇಕಾದ ಕಥೆ. ಅದನ್ನು ದಿನದ ವಿವರಗಳಿಲ್ಲದೆ ಬರೆಯಲಾಗದು.

ಟಿಳಕವಾಡಿಯ ಹಳೆಯ ಮನೆಗಳ ಮೇಲೆ ಮಂಗಳೂರು ಹಂಚು ಇನ್ನೂ ಅಲ್ಲಲ್ಲಿ ಉಳಿದಿದೆ. ಖಾನಾಪುರದ ಕೆಮ್ಮಣ್ಣು, ಅಲ್ಲಿನ ಹಂಚು, ಮಡಕೆ ನಮಗೆ ಹೊಸತಲ್ಲ. ಹಂಚಿನ ಮೇಲಿನ ಕಾರ್ಖಾನೆಯ ಹೆಸರನ್ನು ಓದುವ ಹವ್ಯಾಸಿಗಳಿದ್ದಾರೆ. ಆ ಹಂಚಿನ ಕೆಳಗೆ ಬಾಳಿದವರನ್ನು ಓದುವವರು ಬೇಕಾಗಿದ್ದಾರೆ. ಬೆಳಗಾವಿಯ ಹಳೆಯ ಮಿಶನ್ ಶಾಲೆಗಳಲ್ಲಿ ಓದಿದ ಅಜ್ಜಿಯರು, ಬೆಟಗೇರಿಯ ‘ಜರ್ಮನ್ ಆಸ್ಪತ್ರೆ’ಯಲ್ಲಿ ಹೆರಿಗೆ ಮಾಡಿಸಿಕೊಂಡು ಬಂದವರು ಇನ್ನೂ ಕೆಲವರಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಒಂದು ನೋಟುಬುಕ್ಕು ಹಿಡಿದು ಪಕ್ಕದಲ್ಲಿ ಕೂತು ಕೇಳಿರಿ: ಬಾಯಿಯವರು ಎಷ್ಟಕ್ಕೆ ಏಳುತ್ತಿದ್ದರು, ಏನು ಉಡುತ್ತಿದ್ದರು, ಕನ್ನಡ ತಪ್ಪಿದಾಗ ಯಾರು ತಿದ್ದುತ್ತಿದ್ದರು, ಅವರ ಮನೆಯಲ್ಲಿ ಅಡಿಗೆ ಯಾರು ಮಾಡುತ್ತಿದ್ದರು? ಇಸವಿಗಳು ಗ್ರಂಥಾಲಯದಲ್ಲಿ ಭದ್ರವಾಗಿವೆ. ಈ ಉತ್ತರಗಳು ಆ ಅಜ್ಜಿಯರ ಹತ್ತಿರ ಮಾತ್ರ ಇವೆ.